ಕೂಲೆಂಟ್ ದೀಪದ ಬೆನ್ನು ಹತ್ತಿ ಐದು ವಾರ

ಏಪ್ರಿಲ್ ತಿಂಗಳ ಒಂದು ಭಾನುವಾರ, ಪುತ್ತೂರಿನಲ್ಲಿ ಹೆಂಡತಿಯ ತಂಗಿಯ ಮನೆಯ ಗೃಹಪ್ರವೇಶದ ಊಟ ಮುಗಿಸಿಕೊಂಡು ಹಾಸನಕ್ಕೆ ಹಿಂದಿರುಗುತ್ತಿದ್ದಾಗ, ಗುಂಡ್ಯ ದಾಟಿ ಶಿರಾಡಿ ಘಾಟಿಯ ಏರು ಹಿಡಿದ ಸ್ವಲ್ಪ ಹೊತ್ತಿಗೆ ನನ್ನ ಕಾರಿನ ಮೀಟರ್ ಬೋರ್ಡಿನಲ್ಲಿ ಹಳದಿ ದೀಪವೊಂದು ಹೊತ್ತಿಕೊಂಡಿತು. ನೀರಿನ ಅಲೆಗಳಲ್ಲಿ ಥರ್ಮಾಮೀಟರ್ ಅದ್ದಿ ನಿಲ್ಲಿಸಿದಂತಿರುವ ಆ ಚಿತ್ರವನ್ನು ನಾನು ಹಿಂದಿನ ದಿನವೂ ನೋಡಿದ್ದೆ. ಘಾಟಿ ಇಳಿಯುವಾಗ ಬ್ರೇಕ್ ಒತ್ತಿದಾಗ ಒಮ್ಮೆ, ತಿರುವಿನಲ್ಲಿ ಇನ್ನೊಮ್ಮೆ ಅದು ಮಿಣುಕಿ ಆರಿಹೋಗಿತ್ತು. ಆರಿಹೋಯಿತಲ್ಲ ಎಂದು ನಾನು ಸುಮ್ಮನಾಗಿದ್ದೆ. ಟ್ಯಾಂಕಿನಲ್ಲಿ ಎಂಜಿನ್ನನ್ನು ತಣ್ಣಗಿಡುವ ದ್ರವ, ಅಂದರೆ ಕೂಲೆಂಟ್, ಕಡಿಮೆಯಾದಾಗ ಮೊದಲು ಕಾಣಿಸುವ ಲಕ್ಷಣವೇ ಇದು. ಗಾಡಿ ವಾಲಿದಾಗ ಒಳಗಿನ ದ್ರವ ಸೆನ್ಸರ್ ಇರುವ ಮೂಲೆಯಿಂದ ಒಂದು ಕ್ಷಣ ಸರಿಯುತ್ತದೆ, ದೀಪ ಹೊತ್ತುತ್ತದೆ. ಮರಳಿ ಬಂದಾಗ ಆರುತ್ತದೆ.

ಈ ಸಲ ಅದು ಆರಲಿಲ್ಲ. ಉಷ್ಣತೆಯ ಮುಳ್ಳು ಮಾತ್ರ ಎಂದಿನಂತೆ ಸರಿಯಾಗಿ ಮಧ್ಯದಲ್ಲೇ ನಿಂತಿತ್ತು. ನನ್ನ ಕಾರಿನಲ್ಲಿ ಒಂದೇ ಚಿತ್ರಕ್ಕೆ ಎರಡು ಬಣ್ಣಗಳಿವೆ: ಹಳದಿ ಬಂದರೆ ಕೂಲೆಂಟ್ ಕಡಿಮೆಯಾಗಿದೆ ಎಂದು, ಕೆಂಪು ಬಂದರೆ ಎಂಜಿನ್ ಕಾದಿದೆ, ಕೂಡಲೇ ನಿಲ್ಲಿಸಿ ಎಂದು. ಎಲ್ಲ ಕಾರುಗಳಲ್ಲೂ ಹೀಗೆಯೇ ಇರುವುದಿಲ್ಲ. ಹಳದಿ ತಾನೇ, ಸಕಲೇಶಪುರ ತಲುಪಿ ನೋಡಿದರಾಯಿತು ಎಂದು ಎರಡು ಕಿಲೋಮೀಟರ್ ಓಡಿಸಿದ ಮೇಲೆ, ಹೆಂಡತಿ "ರೀ, ಅದು ಸುಮ್ಮನೆ ಹೊತ್ತಿರಲ್ಲ, ನಿಲ್ಲಿಸಿ" ಎಂದಳು. ರಸ್ತೆಯ ಅಂಚು ಅಗಲವಾಗಿದ್ದ ಕಡೆ, ನಿಂತಿದ್ದ ಲಾರಿಯೊಂದರ ಹಿಂದೆ ನಿಲ್ಲಿಸಿದೆ.

ಬಾನೆಟ್ ಎತ್ತಿದಾಗ ಹಬೆ ಏನೂ ಇರಲಿಲ್ಲ. ಪಾರದರ್ಶಕ ಪ್ಲಾಸ್ಟಿಕ್ ಟ್ಯಾಂಕಿನ ಮೇಲೆ ಕೆತ್ತಿರುವ ಕನಿಷ್ಠ ಮಟ್ಟದ ಗೆರೆಗಿಂತ ಎರಡು ಬೆರಳು ಕೆಳಗೆ ತೆಳು ಹಸಿರು ನೀರು ತುಳುಕುತ್ತಿತ್ತು. ಮುಚ್ಚಳದ ಕಡೆ ಕೈ ಚಾಚುತ್ತಿದ್ದಂತೆ ಲಾರಿಯ ಡ್ರೈವರ್ ಕ್ಯಾಬಿನ್ನಿನಿಂದ ಇಳಿದು ಬರುತ್ತಲೇ ಕೂಗಿದರು: "ಸಾರ್, ಮುಟ್ಬೇಡಿ, ಮುಟ್ಬೇಡಿ! ಮುಖಕ್ಕೆ ಹಾರ್ತದೆ. ಅರ್ಧ ಗಂಟೆ ಹಂಗೇ ಬಿಡಿ." ಹತ್ತಿರ ಬಂದು ಅವರು ಮೇಲಿನ ಹೋಸ್ ಪೈಪನ್ನು ಬಟ್ಟೆ ಸುತ್ತಿದ ಕೈಯಿಂದ ಹಿಸುಕಿ ನೋಡಿದರು, ಅದು ಗಾಳಿ ತುಂಬಿದ ಸೈಕಲ್ ಟ್ಯೂಬಿನ ಹಾಗೆ ಗಟ್ಟಿಯಾಗಿತ್ತು. "ಇದು ಮೆತ್ತಗಾದ್ಮೇಲೆ ಮುಚ್ಚಳ ತಿರುಗಿಸಿ" ಎಂದರು. ಆಮೇಲೆ ಕೇಳಿದ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಅವರಿಗಿಂತ ಹೆಚ್ಚಾಗಿ ನನಗೇ ನಾಚಿಕೆ ತಂದಿತು. "ಎಷ್ಟು ದಿನಕ್ಕೊಂದ್ಸಲ ನೀರು ಹಾಕ್ತೀರಿ?" "ತಿಂಗಳಿಗೊಮ್ಮೆ, ಅರ್ಧ ಲೀಟರ್." "ಯಾವ ನೀರು?" "ಮನೆಯ ಬೋರ್‌ವೆಲ್ ನೀರು." ಅವರು ನಕ್ಕು, "ಹಂಗಾದ್ರೆ ಲೀಕೇಜ್ ಇವತ್ತಿಂದಲ್ಲ ಬಿಡಿ" ಎಂದರು.

ಅವರು ಹೇಳಿದ್ದು ಸರಿ. ಇಂದಿನ ಕಾರುಗಳ ಕೂಲೆಂಟ್ ವ್ಯವಸ್ಥೆ ಮುಚ್ಚಿದ ವ್ಯವಸ್ಥೆ. ಸರಿಯಾಗಿದ್ದರೆ ತಿಂಗಳಿಗೆ ಅರ್ಧ ಲೀಟರ್ ಕುಡಿಯುವ ಮಾತೇ ಇಲ್ಲ. ಎರಡು ವರ್ಷಗಳಿಂದ ಬಾನೆಟ್ ಎತ್ತಿ, ಮಟ್ಟ ಇಳಿದಿದೆ ಎಂದು ನೋಡಿ, ಗಿಡಕ್ಕೆ ನೀರು ಹಾಕಿದಂತೆ ಹಾಕಿಕೊಂಡು ಬಂದಿದ್ದೆ. ಪಿಯುಸಿ ಮಕ್ಕಳಿಗೆ ರಸಾಯನಶಾಸ್ತ್ರ ಪಾಠ ಮಾಡುವವನು ನಾನು. ಗಡಸು ನೀರನ್ನು ಕಾಯಿಸಿದರೆ ಏನಾಗುತ್ತದೆ ಎಂಬುದನ್ನು ವರ್ಷಕ್ಕೊಮ್ಮೆ ಕರಿಹಲಗೆಯ ಮೇಲೆ ಬರೆಯುವವನು. ಅದನ್ನು ನನ್ನ ಕಾರಿನ ಎಂಜಿನ್ನಿಗೆ ಅನ್ವಯಿಸಬೇಕೆಂದು ಹೊಳೆದಿರಲಿಲ್ಲ.

ಮುಕ್ಕಾಲು ಗಂಟೆಯ ನಂತರ ಪೈಪು ಮೆತ್ತಗಾಯಿತು. ದಪ್ಪ ಟವಲ್ ಹೊದಿಸಿ ಮುಚ್ಚಳವನ್ನು ಕಾಲು ಸುತ್ತು ತಿರುಗಿಸಿ ನಿಲ್ಲಿಸಿದೆ; ಉಸ್ಸೆಂದು ಉಳಿದ ಒತ್ತಡವೂ ಹೋಯಿತು. ಬಾಟಲಿಯ ಕುಡಿಯುವ ನೀರನ್ನು ಎಂಜಿನ್ ಚಾಲೂ ಇಟ್ಟು ನಿಧಾನವಾಗಿ ಹುಯ್ದೆ. ಬಿಸಿ ಲೋಹಕ್ಕೆ ತಣ್ಣೀರನ್ನು ಒಮ್ಮೆಲೇ ಸುರಿದರೆ ಬಿರುಕು ಬಿಡುವ ಭಯವಿರುತ್ತದೆ. ಡ್ರೈವರ್ ಇನ್ನೊಂದು ಉಪಾಯ ಹೇಳಿಕೊಟ್ಟರು: ಎಸಿ ಆರಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಗಾಜು ಇಳಿಸಿ ಹೋಗಿ. ಹೀಟರ್ ಎಂದರೆ ಡ್ಯಾಶ್‌ಬೋರ್ಡಿನ ಹಿಂದಿರುವ ಮರಿ ರೇಡಿಯೇಟರ್. ಅದು ಎಂಜಿನ್ನಿನ ಶಾಖವನ್ನು ಒಂದಷ್ಟು ಎಳೆದು ಒಳಗೆ ಊದುತ್ತದೆ. ಏಪ್ರಿಲ್ ಮಧ್ಯಾಹ್ನದಲ್ಲಿ ಮಾರನಹಳ್ಳಿ, ದೋಣಿಗಲ್ ದಾಟಿ ಸಕಲೇಶಪುರದವರೆಗೆ ಹೀಟರ್ ಹಾಕಿಕೊಂಡು, ಹೆಂಡತಿ ಒದ್ದೆ ಟವಲನ್ನು ತಲೆಗೆ ಸುತ್ತಿಕೊಂಡು ಒಂದೂ ಮಾತಾಡದೆ ಕುಳಿತಿದ್ದ ಆ ಪ್ರಯಾಣವನ್ನು ನಮ್ಮ ಮನೆಯಲ್ಲಿ ಇನ್ನೂ ನೆನೆಯಲಾಗುತ್ತಿದೆ.

ಮರುದಿನ ಊರಿನ ದೊಡ್ಡ ಗ್ಯಾರೇಜೊಂದಕ್ಕೆ ಹೋದೆ. ಅಲ್ಲಿನ ಸೂಪರ್‌ವೈಸರ್ ಟಾರ್ಚ್ ಹಿಡಿದು ಹತ್ತು ನಿಮಿಷ ಮೇಲೆ ಕೆಳಗೆ ನೋಡಿ, "ಹೊರಗೆಲ್ಲೂ ಲೀಕ್ ಇಲ್ಲ ಸಾರ್, ಒಳಗೇ ಹೋಗ್ತಿದೆ. ಹೆಡ್ ಗ್ಯಾಸ್ಕೆಟ್ ಇರ್ಬೇಕು, ಬಿಚ್ಚಬೇಕು" ಎಂದು 42,000 ರೂಪಾಯಿಯ ಅಂದಾಜು ಬರೆದುಕೊಟ್ಟರು. ಹೆಡ್ ಗ್ಯಾಸ್ಕೆಟ್ ಎಂದರೆ ಎಂಜಿನ್ನಿನ ತಲೆಗೂ ಸಿಲಿಂಡರುಗಳಿರುವ ಭಾಗಕ್ಕೂ ನಡುವೆ ಸೋರದಂತೆ ಇಟ್ಟಿರುವ ಹಾಳೆ. ಅವರ ತರ್ಕ ಹುಚ್ಚು ತರ್ಕವೇನಲ್ಲ. ಹೊರಗೆ ಸೋರದೆ ಕೂಲೆಂಟ್ ಕಡಿಮೆಯಾಗುತ್ತಿದ್ದರೆ ಅದು ಸಿಲಿಂಡರಿನೊಳಗೆ ಹೋಗಿ ಉರಿಯುತ್ತಿರಬೇಕು, ಇಲ್ಲವೇ ಆಯಿಲ್ ಜೊತೆ ಬೆರೆಯುತ್ತಿರಬೇಕು. ನನ್ನದರಂಥ ಡೀಸೆಲ್ ಕಾರುಗಳಲ್ಲಿ ಹೊಗೆ ತಣ್ಣಗಾಗಿಸುವ ಇಜಿಆರ್ ಕೂಲರ್ ತೂತಾಗಿಯೂ ಹೋಗಬಹುದು. ಆದರೆ "ಹೊರಗೆ ಸೋರುತ್ತಿಲ್ಲ" ಎಂಬುದನ್ನು ಅವರು ತಣ್ಣಗಿದ್ದ ಎಂಜಿನ್ ನೋಡಿ ತೀರ್ಮಾನಿಸಿದ್ದರು. ಒಂದೇ ಒಂದು ಪರೀಕ್ಷೆಯನ್ನೂ ಮಾಡದೆ ಎಂಜಿನ್ನಿನ ತಲೆ ಬಿಚ್ಚಿಸಲು ನನಗೆ ಮನಸ್ಸಾಗಲಿಲ್ಲ. ಯೋಚಿಸಿ ಹೇಳುತ್ತೇನೆ ಎಂದು ಗಾಡಿ ತಂದು ಮನೆಯ ಮುಂದೆ ನಿಲ್ಲಿಸಿದೆ.

ಹೆಡ್ ಗ್ಯಾಸ್ಕೆಟ್ ಹೋಗಿದ್ದರೆ ಮನೆಯಲ್ಲಿಯೇ ಕಾಣಬಹುದಾದ ಗುರುತುಗಳು ಕೆಲವಿವೆ. ಮರುದಿನ ಬೆಳಿಗ್ಗೆ ಅವುಗಳನ್ನೆಲ್ಲ ನೋಡಿದೆ. ಡಿಪ್‌ಸ್ಟಿಕ್ ಎಳೆದಾಗ ಆಯಿಲ್ ಕಪ್ಪಾಗಿಯೇ ಇತ್ತು. ಆಯಿಲ್ ಹಾಕುವ ಮುಚ್ಚಳದ ಒಳಮೈಯಲ್ಲಿ ಮಜ್ಜಿಗೆಯಂಥ ನೊರೆ ಹತ್ತಿರಲಿಲ್ಲ. ಸೈಲೆನ್ಸರಿನಿಂದ ಬಿಳಿ ಹೊಗೆ ಬರಲಿಲ್ಲ. ಕೂಲೆಂಟ್ ಟ್ಯಾಂಕಿನ ಮುಚ್ಚಳ ತೆಗೆದಿಟ್ಟು, ರಾತ್ರಿಯಿಡೀ ತಣ್ಣಗಿದ್ದ ಎಂಜಿನ್ ಚಾಲೂ ಮಾಡಿ, ಹೆಂಡತಿಗೆ ಆಕ್ಸಿಲರೇಟರ್ ಒತ್ತಲು ಹೇಳಿ ಟ್ಯಾಂಕಿನೊಳಗೆ ದೃಷ್ಟಿ ನೆಟ್ಟು ನಿಂತೆ. ಸಿಲಿಂಡರಿನ ಒತ್ತಡ ಗ್ಯಾಸ್ಕೆಟ್ ದಾಟಿ ಬರುತ್ತಿದ್ದರೆ ಅಲ್ಲಿ ಗುಳ್ಳೆಗಳು ಏಳುತ್ತಲೇ ಇರಬೇಕು. ನೀರು ಅಲುಗಿತೇ ಹೊರತು ಗುಳ್ಳೆ ಏಳಲಿಲ್ಲ. ಮುಚ್ಚಳ ಹಾಕಿ ಮತ್ತೆ ಚಾಲೂ ಮಾಡಿದಾಗ, ಎಂಜಿನ್ ಕಾಯುವ ಮೊದಲೇ ಮೇಲಿನ ಪೈಪು ಗಟ್ಟಿಯಾಗಲೂ ಇಲ್ಲ. ಇವುಗಳಲ್ಲಿ ಯಾವುದೊಂದೂ ಪೂರ್ತಿ ಸಾಕ್ಷಿಯಲ್ಲ, ಆದರೆ ಐದೂ ಒಂದೇ ಕಡೆ ಬೆರಳು ತೋರಿಸುತ್ತಿದ್ದವು. ಹೀಟರಿನ ಮರಿ ರೇಡಿಯೇಟರ್ ಸೋರಿದರೆ ಕಾರಿನೊಳಗೆ ಸಿಹಿ ವಾಸನೆ ಬರುತ್ತದೆ, ಮುಂದಿನ ಗಾಜಿಗೆ ಅಂಟಂಟಾದ ಮಂಜು ಕಟ್ಟುತ್ತದೆ, ಕಾಲಡಿಯ ಕಾರ್ಪೆಟ್ ಒದ್ದೆಯಾಗುತ್ತದೆ. ಅದೂ ಇರಲಿಲ್ಲ.

ಅಂದಿನಿಂದ ಒಂದು ನೋಟ್‌ಬುಕ್ ತೆರೆದೆ. ಪ್ರತಿದಿನ ಬೆಳಿಗ್ಗೆ ಎಂಜಿನ್ ಚಾಲೂ ಮಾಡುವ ಮೊದಲು, ಕಾರು ಅದೇ ಸಮತಟ್ಟಾದ ಜಾಗದಲ್ಲಿ ನಿಂತಿರುವಾಗ, ಟ್ಯಾಂಕಿನ ಮೇಲೆ ಮಾರ್ಕರ್ ಪೆನ್ನಿನಿಂದ ಮಟ್ಟಕ್ಕೆ ಸರಿಯಾಗಿ ಒಂದು ಗೆರೆ ಎಳೆದು ತಾರೀಖು ಬರೆಯುವುದು, ನೋಟ್‌ಬುಕ್ಕಿನಲ್ಲಿ ಕಿಲೋಮೀಟರ್ ಬರೆಯುವುದು. ಬಿಸಿ ಎಂಜಿನ್ನಿನಲ್ಲಿ ಕೂಲೆಂಟ್ ಹಿಗ್ಗಿ ಮಟ್ಟ ಮೇಲೇರುವುದರಿಂದ ಸಂಜೆಯ ಅಳತೆಗೆ ಬೆಲೆಯಿಲ್ಲ. ಎಂಜಿನ್ನಿನ ಕೆಳಗೆ ಫ್ರಿಜ್ ಬಂದಿದ್ದ ರಟ್ಟಿನ ಪೆಟ್ಟಿಗೆಯನ್ನು ಬಿಡಿಸಿ ಹಾಸಿದೆ. ಸಹೋದ್ಯೋಗಿಯೊಬ್ಬರಿಂದ ಸ್ಟೀರಿಂಗಿನ ಕೆಳಗಿನ 16 ಪಿನ್ನುಗಳ ಸಾಕೆಟ್ಟಿಗೆ ಸಿಕ್ಕಿಸಿ ಎಂಜಿನ್ನಿನ ಸೆನ್ಸರುಗಳ ಲೆಕ್ಕ ಓದುವ ಓಬಿಡಿ ಸಾಧನವನ್ನೂ ಎರವಲು ತಂದೆ. ಅದನ್ನು ಮೊಬೈಲಿಗೆ ಜೋಡಿಸಿದಾಗ ತಿಳಿದ ಮೊದಲ ಸಂಗತಿಯೆಂದರೆ, ನಾನು ಅಷ್ಟು ನಂಬಿದ್ದ ಉಷ್ಣತೆಯ ಮುಳ್ಳು ನಿಜವನ್ನು ಪೂರ್ತಿ ಹೇಳುವುದಿಲ್ಲ ಎಂಬುದು. ಮೊಬೈಲಿನಲ್ಲಿ 78 ಡಿಗ್ರಿ ಇದ್ದಾಗಲೂ ಮುಳ್ಳು ಮಧ್ಯದಲ್ಲಿ, 98 ಇದ್ದಾಗಲೂ ಅದೇ ಮಧ್ಯದಲ್ಲಿ. ಸಣ್ಣ ಏರಿಳಿತ ಕಂಡು ಜನ ಗಾಬರಿಯಾಗದಿರಲೆಂದು ಅನೇಕ ಕಾರುಗಳಲ್ಲಿ ಹೀಗೆ ಮಾಡಿರುತ್ತಾರೆ. ಇನ್ನೂ ಹೆದರಿಕೆಯ ವಿಷಯವೆಂದರೆ, ಕೂಲೆಂಟ್ ತೀರಾ ಇಳಿದು ಉಷ್ಣತೆಯ ಸೆನ್ಸರಿಗೆ ದ್ರವವೇ ತಾಗದಂತಾದರೆ ಅದು ಹಬೆಯನ್ನೋ ಗಾಳಿಯನ್ನೋ ಅಳೆಯುತ್ತಾ ತಪ್ಪು ಲೆಕ್ಕ ಕೊಡಬಲ್ಲದು. ಘಾಟಿಯಲ್ಲಿ ನಾನು ಹಳದಿ ದೀಪಕ್ಕಿಂತ ಮುಳ್ಳನ್ನು ನಂಬಿ ಎರಡು ಕಿಲೋಮೀಟರ್ ಓಡಿಸಿದ್ದನ್ನು ನೆನೆದರೆ ಈಗಲೂ ಮೈ ಬೆವರುತ್ತದೆ.

ನೋಟ್‌ಬುಕ್ಕು ಎರಡು ವಾರದಲ್ಲಿ ಒಂದು ಕಥೆ ಹೇಳಿತು. ಕಾಲೇಜಿಗೆ ಹೋಗಿ ಬರುವ ದಿನ, ಅಂದರೆ ಏಳೆಂಟು ಕಿಲೋಮೀಟರ್ ಓಡಿದ ದಿನ, ಗೆರೆ ಇಳಿಯುತ್ತಲೇ ಇರಲಿಲ್ಲ. ಬೇಲೂರಿನ ಮೇಲೆ ಚಿಕ್ಕಮಗಳೂರಿಗೆ ಹೋಗಿ ಬಂದ ಮರುದಿನ ಬೆಳಿಗ್ಗೆ ಒಂದು ಬೆರಳಿನಷ್ಟು ಇಳಿದಿತ್ತು. ರಟ್ಟು ಮಾತ್ರ ಎಲ್ಲ ದಿನವೂ ಒಣಗಿಯೇ ಇತ್ತು. ಎಂದರೆ ಎಂಜಿನ್ ಬಹಳ ಹೊತ್ತು ಕಾದು, ಒಳಗಿನ ಒತ್ತಡ ಪೂರ್ತಿ ಏರಿದಾಗ ಮಾತ್ರ ಎಲ್ಲೋ ಬಾಯಿ ಬಿಡುತ್ತಿದೆ. ಬಿಟ್ಟದ್ದು ಬಿಸಿ ಲೋಹದ ಮೇಲೆ ಬಿದ್ದು ನೆಲ ಮುಟ್ಟುವ ಮೊದಲೇ ಆವಿಯಾಗುತ್ತಿದೆ.

ಈ ನೋಟ್‌ಬುಕ್ಕಿನೊಡನೆ ನಾನು ಹೋದದ್ದು ಕೈಗಾರಿಕಾ ಪ್ರದೇಶದ ಕಡೆ ಒಂದೇ ಒಂದು ಶೆಡ್ಡಿನಲ್ಲಿ ಕೆಲಸ ಮಾಡುವ, ಎಲ್ಲರೂ ಮೇಸ್ತ್ರಿ ಎಂದೇ ಕರೆಯುವ ಹಿರಿಯರ ಬಳಿಗೆ. ಅವರು ಪುಟಗಳನ್ನು ತಿರುವಿ, "ಮೇಷ್ಟ್ರೇ, ಗಾಡಿಗೂ ಹಾಜರಿ ತಗೊಂಡಿದೀರಲ್ಲ" ಎಂದು ನಕ್ಕರು, ಆದರೆ ಪುಸ್ತಕವನ್ನು ಪೂರ್ತಿ ಓದಿದರು. ಮೊದಲು ಅವರು ಮಾಡಿದ ಕೆಲಸ ತಪ್ಪಾಯಿತು ಎಂಬುದನ್ನೂ ಹೇಳಬೇಕು: 350 ರೂಪಾಯಿಯ ಹೊಸ ಮುಚ್ಚಳ ಹಾಕಿದರು. ಅದಕ್ಕೆ ಕಾರಣವಿತ್ತು. ಟ್ಯಾಂಕಿನ ಮುಚ್ಚಳ ಬರೀ ಮುಚ್ಚಳವಲ್ಲ, ಒಳಗಿನ ಒತ್ತಡವನ್ನು ಹಿಡಿದಿಡುವ, ಸ್ಪ್ರಿಂಗ್ ಇರುವ ವಾಲ್ವ್; ನನ್ನ ಕಾರಿನದರ ಮೇಲೆ 1.4 ಬಾರ್ ಎಂದು ಅಚ್ಚು ಹಾಕಿದೆ. ತೆರೆದ ಪಾತ್ರೆಯಲ್ಲಿ ಕಾಯಿಸಿದರೆ ಸಕಲೇಶಪುರದ ಎತ್ತರದಲ್ಲಿ ಬರೀ ನೀರು 97 ಡಿಗ್ರಿಗೇ ಕುದಿಯುತ್ತದೆ. ಕೂಲೆಂಟಿನ ಮೂಲವಸ್ತುವಾದ ಗ್ಲೈಕಾಲನ್ನು ಅರ್ಧಕ್ಕರ್ಧ ಬೆರೆಸಿದರೆ ಕುದಿಯುವ ಬಿಂದು ಸಮುದ್ರಮಟ್ಟದಲ್ಲಿ 107 ಡಿಗ್ರಿಯ ಸುತ್ತಮುತ್ತ ಬರುತ್ತದೆ. ಅದರ ಮೇಲೆ ಈ ಒತ್ತಡ ಸೇರಿದರೆ 130 ದಾಟುತ್ತದೆ. ಸ್ಪ್ರಿಂಗ್ ಸೋತರೆ ಒತ್ತಡ ನಿಲ್ಲದೆ ಕೂಲೆಂಟ್ ಹಬೆಯಾಗಿ ಮುಚ್ಚಳದಿಂದಲೇ ಹೋಗುತ್ತದೆ, ಕೆಳಗೆ ಹನಿಯೂ ಬೀಳುವುದಿಲ್ಲ. ನನ್ನ ನೋಟ್‌ಬುಕ್ಕಿಗೆ ಅದು ಹೊಂದುತ್ತಿತ್ತು. ಆದರೆ ಮುಂದಿನ ಭಾನುವಾರ ಅದೇ ಚಿಕ್ಕಮಗಳೂರಿಗೆ ಹೋಗಿ ಬಂದೆ. ಗೆರೆ ಅದೇ ಒಂದು ಬೆರಳು ಇಳಿಯಿತು.

ಎರಡನೆಯ ಸಲ ಹೋದಾಗ ಮೇಸ್ತ್ರಿ ಕಪಾಟಿನಿಂದ ಪ್ರೆಷರ್ ಟೆಸ್ಟರ್ ತೆಗೆದರು. ಸೈಕಲ್ ಪಂಪಿಗೆ ಗಡಿಯಾರದಂಥ ಮೀಟರ್ ಜೋಡಿಸಿದ ಸಲಕರಣೆ ಅದು. ಟ್ಯಾಂಕಿನ ಮುಚ್ಚಳದ ಜಾಗದಲ್ಲಿ ಅದನ್ನು ಕೂರಿಸಿ, ಎಂಜಿನ್ ನಿಂತಿರುವಾಗಲೇ ಕೈಯಿಂದ ಒತ್ತಡ ಏರಿಸಬಹುದು. 1.4ಕ್ಕೆ ಏರಿಸಿ ಚಹಾ ತರಿಸಿದರು. ಕಾಲು ಗಂಟೆ ಕಳೆದರೂ ಮುಳ್ಳು ಅಲುಗಲಿಲ್ಲ. "ತಣ್ಣಗಿದ್ದಾಗ ಹಿಡ್ಕೊಂಡಿದೆ" ಎಂದು ಟೆಸ್ಟರ್ ತೆಗೆದು, ಮುಚ್ಚಳ ಹಾಕಿ, ಫ್ಯಾನ್ ಎರಡು ಸಲ ತಿರುಗಿ ನಿಲ್ಲುವವರೆಗೆ ಎಂಜಿನ್ ಓಡಿಸಿದರು. ಆಮೇಲೆ ಸ್ವಲ್ಪ ಆರಿದ ಮೇಲೆ, ಕೈಗೆ ಗೋಣಿಬಟ್ಟೆ ಸುತ್ತಿಕೊಂಡು ಬಹಳ ಎಚ್ಚರದಿಂದ ಒತ್ತಡ ಇಳಿಸಿ, ಮತ್ತೆ ಟೆಸ್ಟರ್ ಕೂರಿಸಿ 1.4ಕ್ಕೆ ಏರಿಸಿದರು. ಈಗ ಮುಳ್ಳು ಕಣ್ಣೆದುರೇ ಜಾರತೊಡಗಿತು: 1.3, 1.2.

ಹುಡುಗನೊಬ್ಬ ಅಂಗಾತ ಮಲಗಿ ಕೆಳಗಿಂದ, ಮೇಸ್ತ್ರಿ ಹಲ್ಲಿನ ಡಾಕ್ಟರ ಕನ್ನಡಿಯಂಥ ಒಂದು ಪುಟ್ಟ ಕನ್ನಡಿಯನ್ನು ಕಡ್ಡಿಗೆ ಕಟ್ಟಿಕೊಂಡು ಮೇಲಿಂದ ಹುಡುಕಿದರು. ವಾಟರ್ ಪಂಪಿನ ಕೆಳಗಿನ, ಪಂಪು ಸೋರಿದರೆ ಹನಿ ಕಾಣಿಸುವ ಸಣ್ಣ ತೂತು ಒಣಗಿತ್ತು. ಥರ್ಮೋಸ್ಟಾಟ್ ಕೂರಿಸಿರುವ ಪ್ಲಾಸ್ಟಿಕ್ ಡಬ್ಬಿ, ಹೋಸ್ ಕ್ಲಿಪ್ಪುಗಳು ಎಲ್ಲ ಒಣಗಿದ್ದವು. ರೇಡಿಯೇಟರಿನ ಎಡ ತುದಿ, ಫ್ಯಾನಿನ ಕವಚದ ಹಿಂದೆ, ನೇರವಾಗಿ ನೋಡಿದರೆ ಎಂದೂ ಕಾಣದ ಜಾಗ. ಅಲ್ಲಿ ಅಲ್ಯೂಮಿನಿಯಂ ಜಾಲರಿಗೂ ಪ್ಲಾಸ್ಟಿಕ್ ಟ್ಯಾಂಕಿಗೂ ಬೆಸುಗೆಯಿರುವುದಿಲ್ಲ, ನಡುವೆ ರಬ್ಬರ್ ಇಟ್ಟು ಅಲ್ಯೂಮಿನಿಯಂ ಹಲ್ಲುಗಳನ್ನು ಮಡಚಿ ಕಚ್ಚಿಸಿರುತ್ತಾರೆ. ಕನ್ನಡಿ ಅಲ್ಲಿಗೆ ಹೋದಾಗ ಮೇಸ್ತ್ರಿ ನನ್ನ ತೋಳು ಹಿಡಿದೆಳೆದು, "ನೋಡಿ" ಎಂದರು. ಕೆಳಗಿನಿಂದ ಮೂರನೆಯ ಹಲ್ಲಿನ ಸಂದಿಯಲ್ಲಿ ಸಾಸಿವೆ ಕಾಳಿನಷ್ಟು ಹಸಿರು ಹನಿ ಹುಟ್ಟಿತು, ದಪ್ಪವಾಯಿತು, ಜಾರಿ ಬಿಸಿ ಜಾಲರಿಯ ಮೇಲೆ ಹರಡಿ ನೋಡುತ್ತಿದ್ದಂತೆಯೇ ಮಾಯವಾಯಿತು. ಅದು ಹೋದ ದಾರಿಯುದ್ದಕ್ಕೂ ಉಪ್ಪು ಒಣಗಿದಂತೆ ಬಿಳಿ ಹಸಿರು ಕರೆ ಕಟ್ಟಿತ್ತು. ಎರಡು ವರ್ಷದ ಅರ್ಧರ್ಧ ಲೀಟರುಗಳು ಹೋದದ್ದು ಆ ಸಂದಿಯಿಂದ.

ಶೆಡ್ಡಿನಲ್ಲಿ ನಿಂತಿದ್ದ ಇನ್ನೊಬ್ಬ ಗಿರಾಕಿ, "ಎರಡು ಚಮಚ ಅರಿಶಿನ ಪುಡಿ ಹಾಕಿ ಸಾರ್, ನಿಲ್ತದೆ" ಎಂದರು. ಹಳೆಯ ಲಾರಿಗಳವರು ಅದನ್ನು ಮಾಡುತ್ತಿದ್ದರು. ಪುಡಿ ಸಂದಿಗೆ ಹೋಗಿ ಕಚ್ಚಿಕೊಂಡು ಊರು ಸೇರುವವರೆಗೆ ತಡೆಯುತ್ತಿತ್ತು. ಮೇಸ್ತ್ರಿ ಬೇಡವೆಂದರು. ಸೋರುವ ಸಂದಿಯನ್ನು ಮುಚ್ಚುವ ಪುಡಿ ಹೀಟರಿನ ಸಣ್ಣ ನಾಳಗಳನ್ನೂ ಮುಚ್ಚುತ್ತದೆ, ಅದಕ್ಕೆ ಸಂದಿ ಯಾವುದು ನಾಳ ಯಾವುದು ಎಂಬುದು ತಿಳಿಯುವುದಿಲ್ಲ ಎಂಬುದು ಅವರ ವಾದ. ಹಿತ್ತಾಳೆ ತಾಮ್ರದ ಹಳೆಯ ರೇಡಿಯೇಟರ್ ಆಗಿದ್ದರೆ ಬೆಸುಗೆ ಹಾಕಿಸಬಹುದಿತ್ತು; ಈ ಜಾತಿಯದರ ಹಲ್ಲುಗಳನ್ನು ಮತ್ತೆ ಬಿಗಿದರೆ ಹೆಚ್ಚು ಕಾಲ ನಿಲ್ಲುವುದಿಲ್ಲ ಎಂದರು. ಹೊಸ ರೇಡಿಯೇಟರಿಗೆ 6,800 ರೂಪಾಯಿ ಆಯಿತು, ಕೂಲಿ 1,500. ಅದನ್ನು ಬದಲಿಸಿದ ವಿವರ ಬರೆಯುವಂಥದ್ದೇನಿಲ್ಲ. ಮುಂದಿನ ಬಂಪರ್ ಬಿಚ್ಚಿದರು, ಹಾಕಿದರು, ಅರ್ಧ ದಿನ ಹಿಡಿಯಿತು. ಹಳೆಯದನ್ನು ಹೊರಗೆ ತೆಗೆದಾಗ ಪೈಪಿನ ಬಾಯಿಯೊಳಗೆ ಬೆರಳು ಹಾಕಿ ನೋಡಿದೆ. ಬಚ್ಚಲ ಹಂಡೆಯ ಒಳಮೈಗೆ ಕಟ್ಟುವ ಸುಣ್ಣದಂಥ ಪದರ ಉಗುರಿಗೆ ಹತ್ತಿತು. ರಬ್ಬರ್ ಹತ್ತು ವರ್ಷದ ವಯಸ್ಸಿಗೆ ಗಡುಸಾಗಿತ್ತೋ ನನ್ನ ಬೋರ್‌ವೆಲ್ ನೀರು ಅದರ ಆಯುಷ್ಯ ಕಡಿಮೆ ಮಾಡಿತೋ, ನಾನು ಮೇಸ್ತ್ರಿಯನ್ನು ಕೇಳಲಿಲ್ಲ.

ಕೂಲೆಂಟ್ ತುಂಬುವಾಗ ಅವರು ಮಾಡಿದ ಒಂದು ಕೆಲಸವನ್ನು ಮಾತ್ರ ಹೇಳಲೇಬೇಕು. ನನ್ನ ಕಾರಿಗೆ ಒಟ್ಟು 6 ಲೀಟರ್ ಹಿಡಿಯುತ್ತದೆ. ಒಳಗೆಲ್ಲ ನೀರು ಹರಿಸಿ ತೊಳೆದ ಮೇಲೆ ಎಂಜಿನ್ನಿನ ಸಂದುಗೊಂದುಗಳಲ್ಲಿ ಒಂದೂವರೆ ಎರಡು ಲೀಟರ್ ನೀರು ಉಳಿದೇ ಇರುತ್ತದೆ; ಅದರ ಮೇಲೆ ಬೆರೆಸಿಯೇ ಮಾರುವ ಕೂಲೆಂಟ್ ಹುಯ್ದರೆ ಮಿಶ್ರಣ ಅಗತ್ಯಕ್ಕಿಂತ ತೆಳ್ಳಗಾಗುತ್ತದೆ. ಆದ್ದರಿಂದ ತೊಳೆಯುವ ಕೊನೆಯ ಸುತ್ತಿಗೆ ಕ್ಯಾನಿನ ಡಿಸ್ಟಿಲ್ಡ್ ವಾಟರನ್ನೇ ಬಳಸಿ, ಆಮೇಲೆ ನೀರು ಬೆರೆಸದ ಗಟ್ಟಿ ಕೂಲೆಂಟನ್ನು ಮೊದಲು 3 ಲೀಟರ್ ಹಾಕಿ, ಉಳಿದ ಜಾಗವನ್ನು ಅದೇ ನೀರಿನಿಂದ ತುಂಬಿದರು. ಗೇಟಿನ ಇಳಿಜಾರಿಗೆ ಕಾರಿನ ಮೂತಿ ಮೇಲಾಗುವಂತೆ ನಿಲ್ಲಿಸಿ, ಹೀಟರ್ ಪೂರ್ತಿ ಬಿಸಿಗೆ ಇಟ್ಟು, ಗಾಳಿ ಬಿಡುವ ಸ್ಕ್ರೂ ಸಡಿಲಿಸಿ, ಮೇಲಿನ ಪೈಪನ್ನು ಹಸುವಿನ ಕೆಚ್ಚಲು ಹಿಂಡಿದಂತೆ ಹಿಂಡುತ್ತಾ ಒಳಗಿನ ಗಾಳಿ ಹೊರಡಿಸಿದರು. ಫ್ಯಾನ್ ಎರಡು ಸಲ ತಿರುಗುವಷ್ಟರಲ್ಲಿ ಮತ್ತೆ 400 ಮಿಲಿಲೀಟರ್ ಹಿಡಿಯಿತು. ಹಳೆಯ ಕೂಲೆಂಟನ್ನು ಚರಂಡಿಗೆ ಚೆಲ್ಲದೆ ಕ್ಯಾನಿಗೆ ತುಂಬಿಸಿ ಮುಚ್ಚಿದೆ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ, ಬೀದಿ ನಾಯಿ ನೆಕ್ಕಿದರೆ ಮೂತ್ರಪಿಂಡ ಹಾಳಾಗಿ ಸಾಯುತ್ತದೆ.

ಕೆಲಸ ಮುಗಿಯಿತು ಎಂದುಕೊಂಡೆ. ಮೂರನೆಯ ದಿನ ಬೆಳಿಗ್ಗೆ ಕಾಲೇಜಿಗೆ ಹೊರಡಲು ಕೀಲಿ ತಿರುಗಿಸಿದರೆ ಅದೇ ಹಳದಿ ದೀಪ ಹೊತ್ತಿ ನಿಂತಿತ್ತು.

ಬಾನೆಟ್ ಎತ್ತಿ ನೋಡಿದರೆ ಕೂಲೆಂಟ್ ಗರಿಷ್ಠ ಗೆರೆಯಲ್ಲೇ ಇತ್ತು. ಹತ್ತು ನಿಮಿಷ ಓಡಿದ ಮೇಲೆ ದೀಪ ತಾನಾಗಿ ಆರಿತು. ಮರುದಿನ ಬೆಳಿಗ್ಗೆ ಮತ್ತೆ ಹೊತ್ತಿತು, ಎಂಜಿನ್ ಬಿಸಿಯಾದ ಮೇಲೆ ಆರಿತು. ಕೇಳಿದವರೆಲ್ಲ "ಗಾಳಿ ಸೇರಿಕೊಂಡಿದೆ" ಎಂದರು, ಮೇಸ್ತ್ರಿಯೂ ಮೊದಲು ಅದನ್ನೇ ಅಂದರು. ಆದರೆ ಗಾಳಿ ಹೊರಟರೆ ಮಟ್ಟ ಇಳಿಯಬೇಕಲ್ಲ. ಮಾರ್ಕರಿನ ಗೆರೆ ಇದ್ದಲ್ಲೇ ಇತ್ತು.

ಟ್ಯಾಂಕಿನ ತಳದಲ್ಲಿ ಎರಡು ತಂತಿಗಳ ಒಂದು ಪ್ಲಗ್ ಇದೆ. ಕೆಲವು ಕಾರುಗಳಲ್ಲಿ ಟ್ಯಾಂಕಿನೊಳಗೆ ಅಯಸ್ಕಾಂತ ಕಟ್ಟಿದ ತೇಲುವ ಬಿಲ್ಲೆಯಿರುತ್ತದೆ. ನನ್ನದರಲ್ಲಿ ಇರುವುದು ಬರೀ ಎರಡು ಲೋಹದ ಕಡ್ಡಿಗಳು. ಕಡ್ಡಿಗಳು ದ್ರವದಲ್ಲಿ ಮುಳುಗಿದ್ದರೆ ಒಂದರಿಂದ ಇನ್ನೊಂದಕ್ಕೆ ಸಣ್ಣದೊಂದು ವಿದ್ಯುತ್ ಹರಿಯುತ್ತದೆ, ಹರಿಯದಿದ್ದರೆ ದೀಪ. ಮೇಸ್ತ್ರಿಗೆ ಫೋನ್ ಮಾಡಿ ಕೇಳಿ, ಪ್ಲಗ್ ಬಿಚ್ಚಿ ಅದರ ಎರಡು ತಂತಿಗಳ ನಡುವೆ ಒಂದು ತುಂಡು ವೈರ್ ಸಿಕ್ಕಿಸಿದೆ. ಕೆಲವು ಕ್ಷಣಗಳಲ್ಲಿ ದೀಪ ಆರಿತು. ತಂತಿಯೂ ಸರಿ, ಮೀಟರ್ ಬೋರ್ಡೂ ಸರಿ, ಕಡ್ಡಿಗಳೇ ಸರಿಯಿಲ್ಲ.

ಮೆಡಿಕಲ್ ಅಂಗಡಿಯಿಂದ ತಂದ ದೊಡ್ಡ ಸಿರಿಂಜಿನಲ್ಲಿ ಟ್ಯಾಂಕಿನ ಕೂಲೆಂಟನ್ನು ಎಳೆದು ತೆಗೆದು ಸೆನ್ಸರನ್ನು ತಿರುಗಿಸಿ ಹೊರಗೆಳೆದೆ. ಎರಡೂ ಕಡ್ಡಿಗಳ ಮೇಲೆ ಬಿಳಿ ಕಂದು ಬಣ್ಣದ ಹಕ್ಕಳೆ ಕಟ್ಟಿತ್ತು. ನಿಂಬೆರಸದಲ್ಲಿ ಅದ್ದಿದಾಗ ಸಣ್ಣ ಗುಳ್ಳೆಗಳೆದ್ದವು. ಸುಣ್ಣದ ಕಾರ್ಬೊನೇಟಿಗೆ ಆಮ್ಲ ತಾಗಿದರೆ ಏಳುವ ಗುಳ್ಳೆಗಳು. ಇದನ್ನೂ ನಾನು ವರ್ಷವರ್ಷ ಬರೆಯಿಸುತ್ತೇನೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ಲೋಹ ಹೊಳೆಯುವಂತೆ ಮಾಡಿದೆ.

ಹಾಗೆಯೇ ಜೋಡಿಸಿಬಿಡಬಹುದಿತ್ತು. ಆದರೆ ದೀಪ ಬೆಳಿಗ್ಗೆ ಮಾತ್ರ ಏಕೆ ಹೊತ್ತುತ್ತಿತ್ತು, ರೇಡಿಯೇಟರ್ ಬದಲಿಸುವ ಮುಂಚೆ ಈ ಹಕ್ಕಳೆ ಇದ್ದೂ ಏಕೆ ಸುಮ್ಮನಿತ್ತು ಎಂಬ ಪ್ರಶ್ನೆಗಳು ಕಾಡುತ್ತಿದ್ದವು. ಕಾಲೇಜಿನ ಪ್ರಯೋಗಾಲಯದಿಂದ ಡಿಸ್ಟಿಲ್ಡ್ ವಾಟರ್ ತಂದು, ಅಡುಗೆಮನೆಯ ನಾಲ್ಕು ಗಾಜಿನ ಲೋಟಗಳನ್ನು ಬಾನೆಟ್ಟಿನ ಅಂಚಿನಲ್ಲಿ ಸಾಲಾಗಿ ಇಟ್ಟೆ. ಸೆನ್ಸರಿಗೆ ಪ್ಲಗ್ ಸಿಕ್ಕಿಸಿ, ಕೀಲಿ ಆನ್ ಮಾಡಿ, ಹೆಂಡತಿಯನ್ನು ಮೀಟರ್ ಬೋರ್ಡಿನ ಮುಂದೆ ಕೂರಿಸಿದೆ. ಹೊಸ ಕೂಲೆಂಟಿನ ಲೋಟಕ್ಕೆ ಕಡ್ಡಿಗಳನ್ನು ಅದ್ದಿದೆ. "ಆರ್ತು" ಎಂದಳು. ಡಿಸ್ಟಿಲ್ಡ್ ನೀರಿಗೆ ಅದ್ದಿದೆ. ಪೂರ್ತಿ ಮುಳುಗಿದ್ದರೂ, "ಹೊತ್ತಿದೆ" ಎಂದಳು. ಅದೇ ನೀರಿಗೆ ಚಿಟಿಕೆ ಉಪ್ಪು ಹಾಕಿ ಕಲಕಿದೆ. "ಆರ್ತು." ಕೊನೆಗೆ ನಲ್ಲಿಯ ಬೋರ್‌ವೆಲ್ ನೀರು. ಅದ್ದಿದ ಕೂಡಲೇ, "ಆರ್ತು ರೀ, ಇದಕ್ಕೇ ಬೇಗ ಆರಿದ್ದು."

ಎಲ್ಲ ಕೂಡಿಬಂತು. ಶುದ್ಧ ನೀರು ವಿದ್ಯುತ್ತನ್ನು ಹರಿಸುವುದೇ ಇಲ್ಲವೆನ್ನುವಷ್ಟು ಕಡಿಮೆ ಹರಿಸುತ್ತದೆ. ಹರಿಸುವುದು ಅದರಲ್ಲಿ ಕರಗಿದ ಲವಣ. ಎರಡು ವರ್ಷ ನಾನು ಹುಯ್ದ ಬೋರ್‌ವೆಲ್ ನೀರಿನ ಲವಣವೇ ಕಡ್ಡಿಗಳಿಗೆ ಹಕ್ಕಳೆ ಕಟ್ಟಿಸಿತ್ತು, ಅದೇ ಲವಣ ಆ ಹಕ್ಕಳೆಯ ಮೂಲಕವೂ ಸಾಕಷ್ಟು ವಿದ್ಯುತ್ ಹರಿಯುವಂತೆ ಮಾಡಿ ದೋಷವನ್ನು ಮರೆಮಾಚಿಯೂ ಇತ್ತು. ಹೊಸ ಕೂಲೆಂಟಿನಲ್ಲಿ ಇರುವುದು ತುಕ್ಕು ತಡೆಯುವ ಸ್ವಲ್ಪ ರಾಸಾಯನಿಕ ಮಾತ್ರ. ಸ್ವಚ್ಛವಾದ ಕಡ್ಡಿಗೆ ಅಷ್ಟು ಸಾಕು, ಹಕ್ಕಳೆ ಕಟ್ಟಿದ ಕಡ್ಡಿಗೆ ಸಾಲದು. ದ್ರವ ಬಿಸಿಯಾದರೆ ವಿದ್ಯುತ್ ಹರಿಸುವ ಗುಣ ಹೆಚ್ಚುತ್ತದೆ, ಆದ್ದರಿಂದ ಹತ್ತು ನಿಮಿಷ ಓಡಿದ ಮೇಲೆ ದೀಪ ಆರುತ್ತಿತ್ತು. ಮೇಸ್ತ್ರಿಗೆ ಫೋನಿನಲ್ಲಿ ಇದನ್ನೆಲ್ಲ ವಿವರಿಸಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಆ ಸೆನ್ಸರಿಗೆ ಉಪ್ಪುನೀರೇ ಇಷ್ಟ ಅನ್ನಿ" ಎಂದರು.

ಸೆನ್ಸರಿನ ರಬ್ಬರ್ ಬಳೆಯೊಂದನ್ನು ಹೊಸದು ಹಾಕಿ ಜೋಡಿಸಿದೆ. ಲೋಟಗಳಲ್ಲಿದ್ದುದನ್ನು ಟ್ಯಾಂಕಿಗೆ ಹುಯ್ಯದೆ, ಸಿರಿಂಜಿನಲ್ಲಿ ತೆಗೆದಿಟ್ಟಿದ್ದ ಕೂಲೆಂಟನ್ನೇ ಮತ್ತೆ ತುಂಬಿದೆ. ಹೆಂಡತಿ ಆ ನಾಲ್ಕು ಲೋಟಗಳನ್ನು ಅಡುಗೆಮನೆಗೆ ಮರಳಿ ಸೇರಿಸಲಿಲ್ಲ, ಸರಿಯಾಗಿಯೇ ಮಾಡಿದಳು. ಅವು ಈಗ ನಮ್ಮ ಮನೆಯ ಗ್ಯಾರೇಜಿನ ಕಪಾಟಿನಲ್ಲಿ, ಹಳೆಯ ಕೂಲೆಂಟಿನ ಕ್ಯಾನಿನ ಪಕ್ಕದಲ್ಲಿವೆ.

ಮೇ ತಿಂಗಳ ಕೊನೆಯ ವಾರ, ಮಳೆ ಹಿಡಿಯುವ ಮುಂಚೆ, ಮತ್ತೆ ಪುತ್ತೂರಿಗೆ ಹೋಗಿ ಬಂದೆವು. ಗುಂಡ್ಯದಿಂದ ಮೇಲೆ ಹತ್ತುವಾಗ ಮೊಬೈಲಿನಲ್ಲಿ ಕೂಲೆಂಟಿನ ಉಷ್ಣತೆ 97ರವರೆಗೆ ಏರಿ, ಫ್ಯಾನ್ ತಿರುಗಿ, 92ಕ್ಕೆ ಇಳಿಯಿತು. ಮುಳ್ಳು ಮಧ್ಯದಲ್ಲೇ ಇತ್ತು, ಅದರ ಮಾತು ಬೇರೆ. ಹಳದಿ ದೀಪ ಹೊತ್ತಲಿಲ್ಲ. ಮರುದಿನ ಬೆಳಿಗ್ಗೆ ಬಾನೆಟ್ ಎತ್ತಿ ನೋಡಿದಾಗ ಕೂಲೆಂಟ್ ಮಾರ್ಕರಿನ ಗೆರೆಯಲ್ಲೇ ನಿಂತಿತ್ತು. ಹಿಂದಿನ ಸೀಟಿನಲ್ಲಿ ಮಾತ್ರ, ಹೆಂಡತಿ ಹೊರಡುವಾಗಲೇ ಒದ್ದೆ ಮಾಡಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ತಂದಿದ್ದ ಟವಲ್ ಬಿಚ್ಚದೆ ಹಾಗೆಯೇ ಉಳಿದಿತ್ತು.